ಅಡಿಶೀಟು ಟೆಂಟಿಗಿಂತ ಚಿಕ್ಕದಿರಬೇಕು: ಒಂದು ವರ್ಷದ ರಿಪೇರಿ ಕಥೆ

ಹೋದ ವರ್ಷ ಏಪ್ರಿಲ್‌ನಲ್ಲಿ ಮೂಡಿಗೆರೆ ಹತ್ತಿರ ಚಿಕ್ಕಪ್ಪನ ತೋಟದಲ್ಲಿ ಟೆಂಟ್ ಹಾಕಿ ಮಲಗಿದ್ದೆವು. ರಾತ್ರಿ ಎರಡು ಗಂಟೆಗೆ ಮಗಳು ಎಬ್ಬಿಸಿ "ಅಮ್ಮಾ, ನನ್ನ ಸಾಕ್ಸ್ ತೇಲ್ತಾ ಇದೆ" ಅಂದಳು. ಕನಸು ಅಂದುಕೊಂಡೆ. ಟಾರ್ಚ್ ಹಾಕಿ ನೋಡಿದರೆ ನಿಜ. ಕಾಲಿನ ಕಡೆ ಮೂಲೆಯಲ್ಲಿ ಎರಡು ಬೆರಳು ನೀರು ನಿಂತಿತ್ತು. ಮೇಲೆ ಕೈಯಾಡಿಸಿದೆ, ಒಳಗಿನ ಬಟ್ಟೆ ಪೂರ್ತಿ ಒಣಗಿಯೇ ಇತ್ತು. ಅಂದರೆ ನೀರು ಬಂದಿದ್ದು ಕೆಳಗಿನಿಂದ. ಹೊಟ್ಟೆ ಉರಿದಿದ್ದು ಯಾಕೆ ಅಂದರೆ, ಟೆಂಟಿನ ನೆಲ ಹಾಳಾಗಬಾರದು ಅಂತ ಅದೇ ಮೊದಲ ಸಲ ಕೆಳಗೆ ಅಡಿಶೀಟಾಗಿ ಹೊಸ ನೀಲಿ ಟಾರ್ಪಾಲು ಹಾಸಿದ್ದೆ. ಏನೂ ಹಾಸದೆ ಮಲಗಿದ್ದಾಗ ಒಂದು ಸಲವೂ ಹೀಗೆ ಆಗಿರಲಿಲ್ಲ.

ಬೆಳಿಗ್ಗೆ ಚಿಕ್ಕಪ್ಪ ಮಳೆ ಮಾಪಕ ನೋಡಿಕೊಂಡು ಬಂದು "ಒಂದು ಇಂಚು ಹತ್ತು ಸೆಂಟು" ಅಂದರು (ನೂರು ಸೆಂಟಿಗೆ ಒಂದು ಇಂಚು), ಮುಖ ತುಂಬಾ ನಗು. ಹೂ ಅರಳಿಸುವ ಹೂಮಳೆ ಆದಮೇಲೆ ಸರಿಯಾದ ಟೈಮಿಗೆ ಕಾಯಿ ಕಚ್ಚಿಸುವ ಬ್ಯಾಕಿಂಗ್ ಮಳೆ ಸಿಕ್ಕರೆ ಕಾಫಿ ಬೆಳೆಗಾರನಿಗೆ ಇನ್ನೇನು ಬೇಕು. ನಾವು ಖಾಲಿ ಬಿದ್ದಿದ್ದ ಕಣದಲ್ಲಿ ಹಾಸಿಗೆ, ರಗ್ಗು, ಸಾಕ್ಸ್ ಎಲ್ಲಾ ಹರಡಿಕೊಂಡು ಕೂತಿದ್ದೆವು. ಆಳುಗಳು ಹೋಗ್ತಾ ಬರ್ತಾ ನೋಡಿ ನಕ್ಕರು. ಚಿಕ್ಕಮ್ಮ ಮಾತ್ರ ಕಾಫಿ ತಂದುಕೊಟ್ಟು "ಒಳಗೆ ಇಷ್ಟು ದೊಡ್ಡ ಮನೆ ಇದೆಯಲ್ಲಮ್ಮ" ಅಂದರು. ಅದಕ್ಕೆ ನನ್ನ ಹತ್ತಿರ ಇವತ್ತಿಗೂ ಉತ್ತರ ಇಲ್ಲ.

ತಪ್ಪು ಎಲ್ಲಾಯ್ತು ಅಂತ ಅಲ್ಲೇ ನೋಡಿದೆ. ನನ್ನ ಟೆಂಟಿನ ನೆಲ 210 ಸೆಂ.ಮೀ. ಉದ್ದ, 180 ಸೆಂ.ಮೀ. ಅಗಲ. ಟಾರ್ಪಾಲು 8×10 ಅಡಿಯದ್ದು. ಸುತ್ತ ಮಿಕ್ಕಿದ್ದನ್ನು ಹಾಗೇ ಬಿಟ್ಟಿದ್ದೆ, ಚಪ್ಪಲಿ ಬಿಡೋಕೆ, ಬ್ಯಾಗ್ ಇಡೋಕೆ ಆಗುತ್ತೆ ಅಂತ. ಮಳೆ ಬಂದಾಗ ಟೆಂಟಿನ ಹೊರಬಟ್ಟೆಯಿಂದ ಇಳಿದ ನೀರೆಲ್ಲಾ ಈ ಮಿಕ್ಕಿದ ಅಂಚಿನ ಮೇಲೆ ಬಿತ್ತು. ಮಣ್ಣಾಗಿದ್ದರೆ ಕುಡಿದುಬಿಡುತ್ತಿತ್ತು. ಟಾರ್ಪಾಲು ಕುಡಿಯುವುದಿಲ್ಲ. ನಾವು ಮಲಗಿದ್ದರಿಂದ ನಡುವೆ ತಗ್ಗಾಗಿತ್ತು, ನೀರು ಸೀದಾ ಅಲ್ಲಿಗೇ ಹರಿದು ಟೆಂಟಿನ ನೆಲಕ್ಕೂ ಟಾರ್ಪಾಲಿಗೂ ಮಧ್ಯೆ ಸೇರಿಕೊಂಡಿತು. ಒಂದು ತಟ್ಟೆಯಲ್ಲಿ ನೀರು ಹಾಕಿ ಅದರ ಮೇಲೆ ನಾವೇ ಮಲಗಿದ ಹಾಗೆ.

ಜಾಗವೂ ಸರಿ ಇರಲಿಲ್ಲ. ಸಮತಟ್ಟಾಗಿದೆ ಅಂತ ತೊಟ್ಟಿಲು ಗುಂಡಿಯ ಸರಿಯಾಗಿ ಕೆಳಗೆ ಹಾಕಿದ್ದೆ. ಇಳಿಜಾರಿನಲ್ಲಿ ಮಳೆನೀರು ತಡೆದು ಇಂಗಿಸೋಕೆ ಕಾಫಿ ಗಿಡಗಳ ಸಾಲಿನ ನಡುವೆ ತೊಟ್ಟಿಲಿನ ಆಕಾರಕ್ಕೆ ತೋಡುವ ಗುಂಡಿ ಅದು. ಅದು ತುಂಬಿದರೆ ನೀರು ಉಕ್ಕಿ ಬರುವುದು ಕೆಳಗಿನ ಕಡೆಗೇ ಅಲ್ವಾ. ತೋಟದ ಮನೆಯಲ್ಲೇ ಬೆಳೆದವಳಿಗೆ ಇದು ಹೊಳೀಬೇಕಿತ್ತು.

ಅಲ್ಲೇ ಇನ್ನೊಂದು ಬೈಗುಳ ತಿಂದೆ. ಮಳೆ ಮತ್ತೆ ಬರೋ ಥರ ಇತ್ತು, ಟೆಂಟಿನ ಸುತ್ತ ಕಾಲುವೆ ತೆಗೆಯೋಣ ಅಂತ ಗುದ್ದಲಿ ಹಿಡಿದೆ. ಚಿಕ್ಕಪ್ಪ ಓಡಿ ಬಂದು ಕಿತ್ತುಕೊಂಡರು. "ಏ, ಬೇರು ಕಡೀತೀಯಾ? ಗಿಡ ಉಣ್ಣೋದೇ ಮೇಲಿನ ಬೇರಲ್ಲಿ." ನಿಜ, ಕಾಫಿಯ ಉಣ್ಣುವ ಬೇರು ಜಾಸ್ತಿ ಇರೋದು ಮೇಲಿನ ಒಂದು ಅಡಿ ಮಣ್ಣಿನಲ್ಲೇ. ಟೆಂಟಿನ ಸುತ್ತ ಕಾಲುವೆ ತೋಡುವುದು ಹಳೇ ಕಾಲದ ಪದ್ಧತಿ, ತೋಟ ಬಿಡಿ, ಎಲ್ಲೂ ಮಾಡಬೇಡಿ. ಒಳ್ಳೆ ಜಾಗ ಹುಡುಕಿದರೆ ಅದರ ಅಗತ್ಯವೇ ಬರುವುದಿಲ್ಲ.

ಮನೆಗೆ ಬಂದು ಮೊದಲು ಟೆಂಟಿನ ನೆಲ ಪರೀಕ್ಷೆ ಮಾಡಿದೆ. ಚಿಕ್ಕಮಗಳೂರಿನ ನಮ್ಮ ಮನೆ ತಾರಸಿ ಮೇಲೆ, ಕತ್ತಲಾದ ಮೇಲೆ, ಕೋಲು ಹಾಕದೆ ಟೆಂಟನ್ನು ಬಟ್ಟೆ ಒಣಗಿಸೋ ತಂತಿ ಮೇಲೆ ನೆಲ ಕಾಣೋ ಹಾಗೆ ಹರಡಿದೆ. ಮಗಳು ಒಂದು ಕಡೆಯಿಂದ ಟಾರ್ಚ್ ಹಿಡಿದಳು, ನಾನು ಇನ್ನೊಂದು ಕಡೆಯಿಂದ ನೋಡಿದೆ. ತೂತು ಇದ್ದ ಕಡೆ ನಕ್ಷತ್ರದ ಥರ ಬೆಳಕು. ಒಂದೊಂದಕ್ಕೂ ಬಾಲ್‌ಪೆನ್ನಿನಲ್ಲಿ ಸುತ್ತು ಹಾಕಿದೆ. ಒಟ್ಟು ಹನ್ನೊಂದು.

ಈ ಹನ್ನೊಂದನ್ನು ಹತ್ತಿರದಿಂದ ನೋಡಿದ್ದೇ ಇಡೀ ಕೆಲಸದಲ್ಲಿ ನನಗೆ ಸಿಕ್ಕ ದೊಡ್ಡ ಪಾಠ. ಎರಡು ತೂತು ದೊಡ್ಡವು, ಅಕ್ಕಿಕಾಳಿನಷ್ಟು, ಅಲ್ಲಿ ದಾರದ ಎಳೆಗಳು ಒಳಮುಖವಾಗಿ ಎದ್ದಿದ್ದವು. ಅಂದರೆ ಕೆಳಗಿನಿಂದ ಚುಚ್ಚಿದ್ದು. ಅದು ಹಾಲವಾಣದ ಮುಳ್ಳು. ನೆರಳಿಗೆ ಬೆಳೆಸಿದ ಮರದ ಕೊಂಬೆ ಕಡಿಯುವ ಮರಗಸಿ ಆದಮೇಲೆ ಸಣ್ಣ ಸಣ್ಣ ಮುಳ್ಳಿನ ಕಡ್ಡಿ ತರಗೆಲೆಯೊಳಗೆ ಸೇರಿಕೊಂಡುಬಿಡುತ್ತವೆ, ಕಣ್ಣಿಗೆ ಕಾಣುವುದಿಲ್ಲ. ಆದರೆ ಉಳಿದ ಒಂಬತ್ತರಲ್ಲಿ ಏಳು ತೂತಿನ ಎಳೆ ಹೊರಮುಖವಾಗಿತ್ತು. ಅಂದರೆ ಒಳಗಿನಿಂದ ಆಗಿದ್ದು! ಚಪ್ಪಲಿಯಲ್ಲಿ ಬಂದ ಹರಳು, ಅದರ ಮೇಲೆ ಹಾಸಿಗೆ, ಹಾಸಿಗೆ ಮೇಲೆ ನಾವು. ಒಂದಂತೂ ಪಕ್ಕಾ ನಮ್ಮೆಜಮಾನರ ಮಡಚೋ ಕುರ್ಚಿ ಕಾಲು. ಕೆಳಗೆ ಎಷ್ಟೇ ಗಟ್ಟಿ ಶೀಟು ಹಾಸಿದರೂ ಈ ಏಳು ತೂತು ಆಗಿಯೇ ತೀರುತ್ತಿದ್ದವು.

ತೇಪೆ ಹಾಕುವ ಕೆಲಸ. ಮೊದಲ ಸಲ ಸೈಕಲ್ ಪಂಕ್ಚರ್ ಪ್ಯಾಚು ಅಂಟಿಸಿದೆ. ಎರಡೇ ದಿನಕ್ಕೆ ಸಿಪ್ಪೆ ಥರ ಎದ್ದು ಬಂತು. ಆ ಸೊಲ್ಯೂಷನ್ ಹಿಡಿಯೋದು ರಬ್ಬರಿಗೆ, ಪಾಲಿಯೆಸ್ಟರ್ ಬಟ್ಟೆಗಲ್ಲ. ಆಮೇಲೆ ಟೆಂಟಿಗೆ ಅಂತಲೇ ಬರುವ ಅಂಟುಪಟ್ಟಿ ತರಿಸಿದೆ. ಮೆಡಿಕಲ್ ಶಾಪಿನ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಜಾಗ ಒರೆಸಿ, ಪೂರ್ತಿ ಒಣಗಿಸಿ, ತೂತಿನಿಂದ ಸುತ್ತ ಎರಡು ಸೆಂ.ಮೀ. ಜಾಸ್ತಿ ಇರುವಂತೆ ಪಟ್ಟಿ ಕತ್ತರಿಸಿ, ಮೂಲೆಗಳನ್ನು ಕತ್ತರಿಯಲ್ಲಿ ದುಂಡು ಮಾಡಿ ಅಂಟಿಸಿದೆ. ಚೂಪು ಮೂಲೆ ಇದ್ದರೆ ಮೊದಲು ಏಳೋದು ಅಲ್ಲಿಂದಲೇ. ದೊಡ್ಡ ಎರಡಕ್ಕೆ ಒಳಗೂ ಹೊರಗೂ ಹಾಕಿದೆ. ಮೇಲೆ ದಪ್ಪ ಪುಸ್ತಕ ಇಟ್ಟು ಒಂದು ರಾತ್ರಿ ಬಿಟ್ಟೆ. ಒಂದು ವರ್ಷ ಆಯ್ತು, ಒಂದೂ ಎದ್ದಿಲ್ಲ. ಒಂದು ಮಾತು ನೆನಪಿಡಿ: ನಿಮ್ಮದು ಸಿಲಿಕಾನ್ ಲೇಪದ ಬಟ್ಟೆಯಾದರೆ ಈ ಪಟ್ಟಿ ಹಿಡಿಯುವುದಿಲ್ಲ, ಅದಕ್ಕೆ ಸಿಲಿಕಾನ್ ಅಂಟೇ ಬೇಕು. ನನ್ನದು ಸಾಮಾನ್ಯ ಪಿಯು (ಪಾಲಿಯುರೆಥೇನ್) ಲೇಪದ್ದು.

ತೂತು ಮುಚ್ಚಿದ ಮೇಲೆ ಅಡಿಶೀಟು ಯಾಕೆ ಅಂತ ನಮ್ಮೆಜಮಾನರು ಕೇಳಿದರು. ಒಳ್ಳೆ ಪ್ರಶ್ನೆ. ನನ್ನ ಟೆಂಟಿನ ಚೀಟಿಯಲ್ಲಿ ನೆಲಕ್ಕೆ 2000 ಮಿ.ಮೀ. ಅಂತ ಬರೆದಿದೆ. ಎರಡು ಮೀಟರ್ ಎತ್ತರದ ನೀರಿನ ಕಂಬ ನಿಲ್ಲಿಸಿದರೂ ಬಟ್ಟೆ ತಡೆಯುತ್ತೆ ಅಂತ ಅರ್ಥ. ಕೇಳೋಕೆ ಭಾರೀ ಅನ್ನಿಸುತ್ತೆ. ಲೆಕ್ಕ ಹಾಕಿ, ಒಂದು ಚದರ ಸೆಂ.ಮೀ. ಮೇಲೆ ಬರೀ 200 ಗ್ರಾಂ ಒತ್ತಡ. ಅರವತ್ತು ಕೆ.ಜಿ. ಮನುಷ್ಯ ಮಂಡಿಯೂರಿದರೆ ಒಂದೊಂದು ಮಂಡಿ ಮೇಲೆ 30 ಕೆ.ಜಿ. ಮಂಡಿ ನೆಲಕ್ಕೆ ತಾಗುವ ಜಾಗ ಸುಮಾರು 50 ಚದರ ಸೆಂ.ಮೀ. ಅಂತ ಇಟ್ಟುಕೊಂಡರೂ ಚದರ ಸೆಂ.ಮೀ.ಗೆ 600 ಗ್ರಾಂ ಆಯ್ತು. ಮೂರು ಪಟ್ಟು. ಒದ್ದೆ ಮಣ್ಣಿನ ಮೇಲೆ ಮಂಡಿಯೂರಿ ಕೂತು ಜಿಪ್ ಎಳೆದರೆ ಒಂದೂ ತೂತಿಲ್ಲದ ನೆಲದಿಂದಲೂ ಪಸೆ ಬರಬಹುದು. ಮಧ್ಯೆ ಒಂದು ಪ್ಲಾಸ್ಟಿಕ್ ಪದರ ಇದ್ದರೆ ಮಣ್ಣಿನ ನೀರು ಬಟ್ಟೆಗೆ ತಾಗುವುದೇ ಇಲ್ಲ. ಮುಳ್ಳಿಗೆ ಸ್ವಲ್ಪ ತಡೆ, ಕೆಸರು ಅಂಟುವುದೂ ಕಡಿಮೆ.

ಎರಡನೇ ಪ್ರಯತ್ನ ಫ್ಲೆಕ್ಸು. ಮನೆ ಗೃಹಪ್ರವೇಶದ ದೊಡ್ಡ ಫ್ಲೆಕ್ಸ್ ಅಟ್ಟದ ಮೇಲೆ ಸುಮ್ನೆ ಬಿದ್ದಿತ್ತು. ಕತ್ತರಿಸಿ ಹಾಸಿದೆ. ಗಟ್ಟಿಯೇನೋ ಹೌದು. ಆದರೆ ತೂಕ ನೋಡಿದರೆ 1 ಕೆ.ಜಿ. 150 ಗ್ರಾಂ! ಮಡಚಿದ ಕಡೆ ನಾಲ್ಕು ತಿಂಗಳಲ್ಲಿ ಬಿರುಕು ಬಿಟ್ಟಿತು. ಬಿಸಿಲಿಗೆ ಕಾದರೆ ಒಂಥರಾ ವಾಸನೆ. ಅದೂ ಅಲ್ಲದೆ "ಸರ್ವರಿಗೂ ಸುಸ್ವಾಗತ" ಅಂತ ಕೈಮುಗಿದು ನಿಂತ ಮಾವನವರ ಫೋಟೋ ಮೇಲೆ ಮಲಗೋದು ನನಗೆ ಸರಿ ಬರಲಿಲ್ಲ. ತಿರುಗಿಸಿ ಹಾಸಿದೆ, ಆದರೂ ಅವರು ಅಲ್ಲಿದ್ದಾರೆ ಅಂತ ಗೊತ್ತಲ್ಲ. ಈಗ ಅದು ಸ್ಕೂಟರಿನ ಹೊದಿಕೆ.

ಮೂರನೆಯದು ಸಿಲ್ಪಾಲಿನ್ ಅನ್ನೋ ಪ್ಲಾಸ್ಟಿಕ್ ಶೀಟು. ಕಣದಲ್ಲಿ ಕಾಫಿ ಹಣ್ಣು ಒಣಗಿಸುವಾಗ ರಾತ್ರಿ ಇಬ್ಬನಿಗೆ ಮುಚ್ಚೋಕೆ ಚಿಕ್ಕಪ್ಪ ತಂದಿದ್ದರಲ್ಲಿ ಒಂದು ಹೊಸ ತುಂಡು ಮಿಕ್ಕಿತ್ತು, 120 ಜಿಎಸ್‌ಎಂ. ಅಂದರೆ ಒಂದು ಚದರ ಮೀಟರಿಗೆ 120 ಗ್ರಾಂ ತೂಗುತ್ತೆ. ಮಾಮೂಲಿ ನೀಲಿ ಟಾರ್ಪಾಲು ನೇಯ್ದದ್ದು, ಕತ್ತರಿಸಿದರೆ ಅಂಚಿನಿಂದ ಎಳೆ ಬಿಚ್ಚಿಕೊಳ್ಳುತ್ತಾ ಹೋಗುತ್ತೆ. ಇದು ಪದರ ಪದರವಾಗಿ ಅಡ್ಡಡ್ಡ ಅಂಟಿಸಿದ ಹಾಳೆ, ಕತ್ತರಿಯಲ್ಲಿ ಕತ್ತರಿಸಿದರೆ ಅಂಚು ಹಾಗೇ ನೀಟಾಗಿ ನಿಲ್ಲುತ್ತೆ. ಅಂಚು ಮಡಚಿ ಹೊಲಿಯುವ ಕೆಲಸವೇ ಇಲ್ಲ.

ಅಳತೆ: ಟೆಂಟನ್ನು ತಾರಸಿ ಮೇಲೆ ಪೂರ್ತಿ ಎಳೆದು ನಿಲ್ಲಿಸಿ, ನೆಲದ ಸುತ್ತ ಸೀಮೆಸುಣ್ಣದಲ್ಲಿ ಗೆರೆ ಎಳೆದೆ. ಟೆಂಟ್ ತೆಗೆದು, ಆ ಗೆರೆಯಿಂದ ಒಳಗೆ ಎಲ್ಲಾ ಕಡೆ 5 ಸೆಂ.ಮೀ. ಬಿಟ್ಟು ಇನ್ನೊಂದು ಗೆರೆ. ಆ ಒಳಗೆರೆಯೇ ಶೀಟು. 200×170. ಚೀಟಿಯಲ್ಲಿರೋ ಅಳತೆ ನಂಬಿ ಕತ್ತರಿಸಬೇಡಿ, ನನ್ನ ಟೆಂಟಿನ ಒಂದು ಬದಿ ಮೂರು ಸೆಂ.ಮೀ. ಕಡಿಮೆ ಇತ್ತು.

ಮೂಲೆಗೆ ಐಲೆಟ್ (ಹಗ್ಗ ಪೋಣಿಸುವ ತೂತಿನ ಲೋಹದ ಬಳೆ) ಹಾಕಿಸೋಕೆ ಜೀಪಿನ ಹುಡ್ ಹೊಲಿಯುವ ಅಂಗಡಿಗೆ ಹೋದೆ. ಮಲೆನಾಡಿನಲ್ಲಿ ಇಂಥ ಕೆಲಸಕ್ಕೆ ಅವರನ್ನು ಬಿಟ್ಟರೆ ಇಲ್ಲ. ಮೂಲೆಗೆ ಪಟ್ಟಿ ಇಟ್ಟು ಮಿಷನ್‌ನಲ್ಲಿ ಹೊಲಿದುಕೊಡಿ ಅಂದೆ. ಅವರು ಶೀಟನ್ನು ಬೆರಳಿನಲ್ಲಿ ತಿಕ್ಕಿ ನೋಡಿ, "ಬೇಡ ಅಕ್ಕಾ. ಸೂಜಿ ಹೋದಲ್ಲೆಲ್ಲಾ ತೂತು. ಒಂದು ಸಲ ಜೋರಾಗಿ ಎಳೆದ್ರೆ ಬಸ್ ಟಿಕೆಟ್ ಹರಿದ ಹಾಗೆ ಹರಿಯುತ್ತೆ" ಅಂದರು. ಆಮೇಲೆ ಅವರೇ ಮಾಡಿ ತೋರಿಸಿದರು. ಮೂಲೆಯನ್ನು ತ್ರಿಕೋನವಾಗಿ ಎರಡು ಸಲ ಒಳಕ್ಕೆ ಮಡಚಿ, ಮೇಲೊಂದು ಕೆಳಗೊಂದು ಹಳೇ ಸೀಟಿನ ರೆಕ್ಸಿನ್ ತುಂಡಿಟ್ಟು, ಅಡಿಯಲ್ಲಿ ಮರದ ಕೊರಡು ಕೊಟ್ಟು, ಪಂಚಿನಿಂದ ಒಂದೇ ಏಟಿಗೆ ತೂತು. ಹಿತ್ತಾಳೆ ಐಲೆಟ್ ಕೂರಿಸಿ ಡೈ ಮೇಲೆ ಮೂರು ಏಟು. ಮೊದಲ ಎರಡು ಮೆಲ್ಲಗೆ, ಮೂರನೆಯದು ಗಟ್ಟಿಯಾಗಿ. ನಾಲ್ಕು ಮೂಲೆ, ಉದ್ದದ ಬದಿಗಳ ಮಧ್ಯೆ ಎರಡು, ಒಟ್ಟು ಆರು. ಅರವತ್ತು ರೂಪಾಯಿ. ಎಳೆದು ನೋಡಿದೆ, ಶೀಟು ಬಿಗಿಯಾಯ್ತೇ ಹೊರತು ಐಲೆಟ್ ಅಲುಗಲಿಲ್ಲ.

ಶೀಟು ಟೆಂಟಿಗಿಂತ ಚಿಕ್ಕದಾದ್ದರಿಂದ ಅದರ ಮೂಲೆ ಟೆಂಟಿನ ಗೂಟದವರೆಗೆ ಬರುವುದಿಲ್ಲ. ಅಲ್ಲಿಗೆ ಹಳೇ ಸ್ಕೂಟರ್ ಟ್ಯೂಬನ್ನು ಒಂದು ಸೆಂ.ಮೀ. ಅಗಲಕ್ಕೆ ಬಳೆ ಬಳೆಯಾಗಿ ಕತ್ತರಿಸಿ, ಐಲೆಟ್‌ಗೆ ಕುಣಿಕೆ ಹಾಕಿ, ಇನ್ನೊಂದು ತುದಿಯನ್ನು ಗೂಟಕ್ಕೆ ಸಿಕ್ಕಿಸುತ್ತೇನೆ. ರಬ್ಬರ್ ಎಳೆದು ಹಿಡಿಯುವುದರಿಂದ ಶೀಟು ನಿರಿಗೆ ಇಲ್ಲದೆ ನಿಲ್ಲುತ್ತೆ, ಯಾರಾದರೂ ಎಡವಿದರೂ ಐಲೆಟ್ ಕಿತ್ತು ಬರುವುದಿಲ್ಲ. ರೆಕ್ಸಿನ್, ಐಲೆಟ್, ರಬ್ಬರ್ ಎಲ್ಲಾ ಸೇರಿ ತೂಕ 450 ಗ್ರಾಂ.

ಪರೀಕ್ಷೆಗೆ ಮಳೆಗಾಲದವರೆಗೆ ಕಾಯೋ ತಾಳ್ಮೆ ನನಗಿಲ್ಲ. ಈ ವರ್ಷ ಫೆಬ್ರವರಿ ಕೊನೆಯಲ್ಲಿ ಚಿಕ್ಕಪ್ಪ ರೊಬಸ್ಟಾ ಹೂವಿಗೆ ಸ್ಪ್ರಿಂಕ್ಲರ್ ಹಾಕುತ್ತಿದ್ದರು. ಜೆಟ್ ಸುತ್ತುವ ಜಾಗದ ಅಂಚಿಗೆ, ರಸ್ತೆ ಬದಿ, ಟೆಂಟ್ ಹೊಡೆದೆ. "ಹುಚ್ಚು ಹಿಡಿದಿದೆ ಇವಳಿಗೆ" ಅಂದರು, ಆದರೆ ಮಳೆ ಮಾಪಕ ಅವರೇ ತಂದು ಪಕ್ಕದಲ್ಲಿ ನೆಟ್ಟರು. ಒಳಗೆ ನೆಲದ ತುಂಬಾ ಹಳೇ ಪೇಪರ್ ಹಾಸಿದೆ. ಪಸೆ ಬಂದರೆ ಪೇಪರ್ ಮೇಲೆ ತಕ್ಷಣ ಕಪ್ಪು ಕಲೆ ಕಾಣುತ್ತೆ. ನೀರು ನಿಲ್ಲಿಸಿದಾಗ ಮಾಪಕದಲ್ಲಿ 75 ಸೆಂಟು. ಒಳಗೆ ಹೋಗಿ ನೋಡಿದರೆ ಒಂದು ಮೂಲೆಯ ಪೇಪರ್ ಒದ್ದೆ.

ಎದೆ ಧಸಕ್ ಅಂತು. ಹೊರಗೆ ಬಂದು ಬಗ್ಗಿ ನೋಡಿದರೆ, ಆ ಮೂಲೆಯ ರಬ್ಬರ್ ಬಳೆ ಜಾಸ್ತಿ ಎಳೆದು ಶೀಟಿನ ಒಂದು ಬದಿ ಟೆಂಟಿನಿಂದ ಎರಡು ಬೆರಳು ಹೊರಗೆ ಬಂದಿತ್ತು. ಬರೀ ಎರಡು ಬೆರಳು! ಅಷ್ಟೇ ಸಾಕಾಗಿತ್ತು, ಅಲ್ಲಿ ಬಿದ್ದ ನೀರು ಶೀಟಿನ ಮೇಲೆ ಒಳಕ್ಕೆ ಹರಿದು ತೇಪೆ ಇಲ್ಲದ ಹೊಲಿಗೆ ಜಾಗದಿಂದ ಮೇಲೆ ಬಂದಿತ್ತು. ಬಳೆ ಬದಲಾಯಿಸಿ ಅಂಚನ್ನು ಒಳಕ್ಕೆ ತಳ್ಳಿದೆ. ಮಾರನೇ ದಿನ ಪೈಪ್ ಜರುಗಿಸುವ ಮೊದಲು ಇನ್ನೊಂದು ಸುತ್ತು. ಈ ಸಲ ಮಗಳನ್ನು ಒಳಗೆ ಕೂರಿಸಿ, ಒಂದೇ ಕಡೆ ಮಂಡಿಯೂರಿ ಕುಳಿತಿರು ಅಂದೆ. ಹತ್ತು ನಿಮಿಷ ಕೂತಳು, ಚಾಕೊಲೇಟಿಗೆ. ಪೇಪರ್ ಒಣಗಿಯೇ ಇತ್ತು.

ಏಪ್ರಿಲ್‌ನಲ್ಲಿ ನಿಜವಾದ ಮಳೆಯಲ್ಲೂ ಮಲಗಿದೆವು. ಜಾಗ ಈ ಸಲ ಸಿಲ್ವರ್ ಓಕ್ ಸಾಲಿನ ಹತ್ತಿರ, ಸ್ವಲ್ಪ ಇಳಿಜಾರು, ತಲೆ ಮೇಲಿನ ಕಡೆಗೆ. ತೊಟ್ಟಿಲು ಗುಂಡಿ ದೂರ. ಶೀಟು ಹಾಸುವ ಮೊದಲು ತರಗೆಲೆ ಎಲ್ಲಾ ಗುಡಿಸಿ, ಬರಿಗೈಯಲ್ಲಿ ನೆಲ ಸವರಿದೆ. ಕಣ್ಣಿಗೆ ಕಾಣದ ಮುಳ್ಳು ಕೈಗೆ ಸಿಗುತ್ತೆ. ಮೆತ್ತಗಿರುತ್ತೆ ಅಂತ ಎಲೆ ರಾಶಿ ಮೇಲೇ ಟೆಂಟ್ ಹಾಕುವವರಿದ್ದಾರೆ, ದಯವಿಟ್ಟು ಬೇಡ. ಉಣುಗು ಇರೋದು ಅಲ್ಲೇ, ಮಲೆನಾಡಿನಲ್ಲಿ ಮಂಗನ ಕಾಯಿಲೆ ಬರೋದು ಉಣುಗಿನಿಂದ. ಇಂಬಳದ ಕಥೆಯಂತೂ ಬೇರೆ ಹೇಳಬೇಕಿಲ್ಲ. ಗುಡಿಸಿದ ಎಲೆಯನ್ನು ಹೊರಡುವಾಗ ವಾಪಸ್ ಹರಡಿದರೆ ಆಯ್ತು, ಇಲ್ಲದಿದ್ದರೆ ಮತ್ತೆ ಚಿಕ್ಕಪ್ಪನ ಹತ್ತಿರ ಬೈಸಿಕೊಳ್ಳಬೇಕು.

ಆ ರಾತ್ರಿ ಬೆಳಗಿನ ಜಾವ ಹಾಸಿಗೆ ಎತ್ತಿದಾಗ ಅಡಿಯಲ್ಲಿ ಪಸೆ ಕಂಡು ಮತ್ತೆ ಗಾಬರಿಯಾದೆ. ಆದರೆ ಒದ್ದೆ ಇದ್ದಿದ್ದು ನಾವು ಮಲಗಿದ್ದ ಜಾಗದಲ್ಲಿ ಮಾತ್ರ, ತಗ್ಗಿನ ಮೂಲೆಗಳು ಒಣಗಿದ್ದವು. ಸೋರಿಕೆ ಆಗಿದ್ದರೆ ನೀರು ಮೂಲೆ ಸೇರುತ್ತಿತ್ತು. ಇದು ನಮ್ಮ ಮೈ ಆವಿ ತಣ್ಣನೆ ನೆಲಕ್ಕೆ ತಾಗಿ ನೀರಾಗಿದ್ದು. ಎರಡೂ ಕಡೆ ಜಾಲರಿ ಕಿಟಕಿ ತೆರೆದಿಟ್ಟ ಮೇಲೆ ಮುಂದಿನ ಸಲ ಕಡಿಮೆಯಾಯ್ತು.

ಒಳಗಿನ ಏಳು ತೂತಿನ ಪಾಠಕ್ಕೆ ಬಾಗಿಲ ಹೊರಗೆ ಒಂದು ಹಳೇ ಕಾಫಿ ಗೋಣಿ ಹಾಸುತ್ತೇನೆ, ಚಪ್ಪಲಿ ಅಲ್ಲೇ. ಕುರ್ಚಿ ಒಳಗೆ ಬರೋ ಹಾಗಿಲ್ಲ. ದಿನಕ್ಕೆ ಎರಡು ಸಲ ಒಳಗೆ ಗುಡಿಸೋಕೆ ಚಿಕ್ಕ ಪೊರಕೆ. ಈ ಮೂರಕ್ಕೆ ಖರ್ಚು ಸೊನ್ನೆ, ಆದರೆ ನನ್ನ ಪ್ರಕಾರ ಶೀಟಿಗಿಂತ ಇದೇ ಜಾಸ್ತಿ ಕೆಲಸ ಮಾಡಿದೆ.

ಇನ್ನೂ ಸರಿಯಾಗದೆ ಉಳಿದಿರೋದು ಎರಡು. ಒಂದು, ಇಳಿಜಾರಿನಲ್ಲಿ ಟೆಂಟಿನ ನೆಲ ಸಿಲ್ಪಾಲಿನ್ ಮೇಲೆ ಜಾರುತ್ತೆ, ಬೆಳಿಗ್ಗೆ ಎದ್ದಾಗ ಎಲ್ಲರೂ ಕಾಲಿನ ಕಡೆ ಗುಂಪಾಗಿರುತ್ತೇವೆ. ಇನ್ನೊಂದು, ರಾತ್ರಿ ಮಗ್ಗುಲು ಬದಲಾಯಿಸಿದರೆ ಚರಚರ ಸದ್ದು. ಕೆಸರಿನ ಬದಿ ಯಾವುದು ಅಂತ ಗೊತ್ತಾಗೋಕೆ ಒಂದು ಕಡೆ ಪೇಂಟಿನಲ್ಲಿ "ಮೇಲೆ" ಅಂತ ಬರೆದಿದ್ದೇನೆ, ಮಡಚುವಾಗ ಶುದ್ಧ ಬದಿ ಶುದ್ಧ ಬದಿಗೇ ಸೇರಬೇಕು.

ಮಳೆಗಾಲಕ್ಕೆ ಟೆಂಟನ್ನು ಅದರ ಬಿಗಿ ಚೀಲದಲ್ಲಿ ತುರುಕಿ ಇಡುವುದನ್ನು ಬಿಟ್ಟಿದ್ದೇನೆ. ನಮ್ಮ ಕಡೆ ಜೂನ್‌ನಿಂದ ಚಪ್ಪಲಿಗೂ ಬೂಸ್ಟು ಬರುತ್ತೆ, ಪಿಯು ಲೇಪ ತೇವದಲ್ಲಿ ಕೂತರೆ ಅಂಟಂಟಾಗಿ ಸಿಪ್ಪೆ ಏಳುತ್ತೆ. ಪೂರ್ತಿ ಒಣಗಿಸಿ ಹಳೇ ದಿಂಬಿನ ಕವರಿನಲ್ಲಿ ಸಡಿಲವಾಗಿ ಹಾಕಿ ಅಡುಗೆಮನೆ ಅಟ್ಟದ ಮೇಲೆ ಇಟ್ಟಿದ್ದೇನೆ. ಅಡಿಶೀಟು ಬೇರೆ ಚೀಲ.

ಉಳಿದ ಸಿಲ್ಪಾಲಿನ್ ತುಂಡನ್ನು ಚಿಕ್ಕಪ್ಪ ವಾಪಸ್ ಕೇಳಿದ್ದಾರೆ, ಮೆಣಸು ಒಣಗಿಸೋಕೆ. ಅದಕ್ಕೂ ಮೂಲೆಗೆ ಹಿತ್ತಾಳೆ ಐಲೆಟ್ ಹಾಕಿಸಿಕೊಂಡೇ ತರಬೇಕಂತೆ.